ಬೆಲ್ಟ್ ಅಕ್ಕ

ಹೋದ ವಾರ ನಮ್ಮ ಹಳೆಯ ಕಟ್ಟಡ ಕೆಲಸದ ಸೈಟಿನವರ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು, ಅಲ್ಲಿ ಸೇಫ್ಟಿ ಆಫೀಸರ್ ಆಗಿದ್ದಾಕೆ ತೀರಿಕೊಂಡರೆಂದು. ಕಾಮಾಲೆ ಜೋರಾಗಿ ಆಸ್ಪತ್ರೆಗೆ ಸೇರಿಸಿದ್ದರಂತೆ, ಉಳಿಯಲಿಲ್ಲವಂತೆ. ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ಆಮೇಲೆ ನಮ್ಮ ಅಂದಿನ ಪ್ರಾಜೆಕ್ಟ್ ಮ್ಯಾನೇಜರ್, ಈಗ ಅದೇ ಕಂಪನಿಯಲ್ಲಿ ಬಹಳ ದೊಡ್ಡ ಹುದ್ದೆಯಲ್ಲಿರುವವರು, ಉದ್ದನೆಯ ಶ್ರದ್ಧಾಂಜಲಿ ಬರೆದರು. ನಮ್ಮ ಕಂಪನಿಯ ಸುರಕ್ಷತಾ ಸಂಸ್ಕೃತಿಗೆ ಆಕೆ ತಾಯಿಯಿದ್ದಂತೆ, ಆಕೆಯಿಂದ ತಾನು ಎಷ್ಟೋ ಕಲಿತೆ, ಹೀಗೆ. ಆಕೆಯನ್ನು ಗೇಟಿನ ಹೊರಗೆ ಹಾಕಿಸಿದವರು ಇವರೇ. ಆಕೆಯ ಮೇಲೆ ಪೊಲೀಸರಿಗೆ ದೂರು ಕೊಡಿಸಿದವರೂ ಇವರೇ. ಗುಂಪಿನಲ್ಲಿದ್ದ ಅಷ್ಟೂ ಜನಕ್ಕೆ ಅದು ಗೊತ್ತು. ಅವರೂ ಕೈಮುಗಿದ ಚಿತ್ರ ಹಾಕಿದರು. ನಾನು ಅದನ್ನೇ ಬರೆದೆ. ಸ್ವಲ್ಪ ಹೊತ್ತಿಗೆ ನನ್ನನ್ನು ಗುಂಪಿನಿಂದ ತೆಗೆದರು. ಅಲ್ಲಿ ಬರೆಯಲು ಬಿಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಕೆಯ ಹೆಸರು ಹಾಕುವುದಿಲ್ಲ. ಪೊಲೀಸು, ಕೋರ್ಟು ಅಂತ ಮನೆಯವರು ಪಟ್ಟ ಪಾಡು ಸಾಕಾಗಿದೆ. ಸೈಟಿನಲ್ಲಿಯೂ ಆಕೆಯನ್ನು ಹೆಸರಿನಿಂದ ಕರೆದವರು ಕಡಿಮೆ. ಎತ್ತರದಲ್ಲಿ ಕೆಲಸ ಮಾಡುವವರು ಸೊಂಟದ ಬೆಲ್ಟಿನ ಕೊಂಡಿಯನ್ನು ಹಗ್ಗಕ್ಕೆ ಸಿಕ್ಕಿಸಿಕೊಳ್ಳಬೇಕು. ಯಾವನಾದರೂ ಸಿಕ್ಕಿಸದೆ ನಿಂತಿದ್ದು ಕಂಡರೆ ಕೆಳಗಿನಿಂದ "ಬೆಲ್ಟೂ" ಎಂದು ಒಂದು ಕೂಗು ಬರುತ್ತಿತ್ತು. ಕಾಂಕ್ರೀಟ್ ಮಿಕ್ಸರಿನ ಸದ್ದನ್ನೂ ಸೀಳಿಕೊಂಡು ಹೋಗುವ ಕೂಗು. ಕೆಲಸದವರಿಗೆ ಆಕೆ ಬೆಲ್ಟ್ ಅಕ್ಕ.

ನಾನು ಆ ಸೈಟಿನ ನರ್ಸ್. ನಮ್ಮಪ್ಪ ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ಕ್ವಾರ್ಟರ್ಸಿನಲ್ಲಿ ಬೆಳೆದ ನನಗೆ ಕೆಲಸದ ಜಾಗವೆಂದರೆ ಬೂಟು, ಕ್ಯಾಂಟೀನು, ಆಸ್ಪತ್ರೆ ಎಲ್ಲ ಇರುವ ಜಾಗ. ವೈಟ್‌ಫೀಲ್ಡಿನ ಹೊರಗೆ ದೊಡ್ಡದೊಂದು ಟೆಕ್ ಪಾರ್ಕ್ ಕಟ್ಟುತ್ತಿದ್ದ ಆ ಸೈಟಿಗೆ ಸೇರಿದಾಗ, ಹವಾಯಿ ಚಪ್ಪಲಿ ಮೆಟ್ಟಿಕೊಂಡು ಕಬ್ಬಿಣದ ಸರಳು ಹೊರುವವರನ್ನು ನೋಡಿ ಇವರು ಯಾರೋ ದಾರಿ ತಪ್ಪಿ ಒಳಗೆ ಬಂದವರಿರಬೇಕು ಅಂದುಕೊಂಡೆ. ಎರಡು ಸಾವಿರದ ಎಂಟರ ಆಸುಪಾಸಿನ ಮಾತು ಇದು. ತಗಡಿನ ಕೋಣೆಯೊಂದಕ್ಕೆ ಕೆಂಪು ಶಿಲುಬೆ ಬಳಿದು ಫಸ್ಟ್ ಏಡ್ ರೂಮ್ ಎಂದಿದ್ದರು. ಪಕ್ಕದ ಕೋಣೆ ಸೇಫ್ಟಿ ಆಫೀಸರ್ ಆಗಿದ್ದ ಈಕೆಯದು. ಆಫೀಸಿನಲ್ಲಿ ಹೆಂಗಸರು ನಾವಿಬ್ಬರೇ.

ಆಕೆ ಆ ಕಡೆಯ ಊರಿನವರೇ. ಹೊಸಕೋಟೆ ರಸ್ತೆಯ ಹಳ್ಳಿಯೊಂದರ ಹಳೆಯ ಮನೆತನ. ಅಣ್ಣಂದಿರಲ್ಲಿ ಒಬ್ಬ ಟ್ಯಾಂಕರ್ ಓಡಿಸುತ್ತಿದ್ದ, ಇನ್ನೊಬ್ಬ ಪೇಯಿಂಗ್ ಗೆಸ್ಟ್ ಮನೆ ನಡೆಸುತ್ತಿದ್ದ. ಈಕೆ ಸಿವಿಲ್ ಡಿಪ್ಲೊಮಾ ಮಾಡಿ, ಆಮೇಲೆ ಸೇಫ್ಟಿ ಕೋರ್ಸ್ ಮಾಡಿದವರು. ಚೂಡಿದಾರದ ಮೇಲೆ ಗಂಡಸರ ತುಂಬುತೋಳಿನ ಅಂಗಿ, ಅದರ ಮೇಲೆ ಕಿತ್ತಲೆ ಬಣ್ಣದ ಜಾಕೆಟ್ಟು, ಮೂಗಿನಲ್ಲಿ ದೊಡ್ಡ ಹರಳಿನ ಮೂಗುಬೊಟ್ಟು. ಮಧ್ಯಾಹ್ನ ನನ್ನ ಕೋಣೆಯಲ್ಲಿ ಕೂತು ಮುದ್ದೆ ಮುರಿಯುತ್ತಿದ್ದರು. ಊಟದ ನಡುವೆ ಯಾರನ್ನಾದರೂ ಹೊತ್ತು ತಂದರೆ ತಟ್ಟೆ ಸರಿಸಿ, ಎಡಗೈಯಲ್ಲಿ ಗಾಯಾಳುವಿನ ತಲೆ ಹಿಡಿದುಕೊಂಡು ನನಗೆ ದೀಪ ತೋರಿಸುತ್ತಿದ್ದರು. ಎಂಜಲು ಕೈ ಹಾಗೇ ಒಣಗುತ್ತಿತ್ತು.

ಒಮ್ಮೆ ಬಡಗಿಯೊಬ್ಬ ಬಂದ. ಕಾಂಕ್ರೀಟ್ ಸುರಿಯಲು ಕಟ್ಟುವ ಸೆಂಟ್ರಿಂಗ್ ಹಲಗೆಯ ಮೊಳೆ ಚಪ್ಪಲಿಯನ್ನು ತೂರಿ ಪಾದದ ಮೇಲೆ ತುದಿ ಕಾಣಿಸುತ್ತಿತ್ತು. ಆಕೆ ಎದ್ದು ಸ್ಟೋರಿಗೆ ಹೋದರು. ಅಲ್ಲಿ ಗಾಜಿನ ಕಪಾಟಿನೊಳಗೆ ಹೊಸ ಬೂಟುಗಳ ಸಾಲಿತ್ತು. ಸೈಟು ನೋಡಲು ಬರುವ ಕ್ಲೈಂಟುಗಳಿಗೆಂದು ಇಟ್ಟದ್ದು. ಕೀಲಿ ಕೊಡಲು ಸ್ಟೋರ್‌ಕೀಪರ್ ತಡವರಿಸಿದ. ಬಾಗಿಲ ಚಿಲಕವನ್ನೇ ಕಿತ್ತು, ಅಷ್ಟೂ ಬೂಟುಗಳನ್ನು ಬಡಗಿಗಳಿಗೆ ಹಂಚಿಬಿಟ್ಟರು. ಮುಂದಿನ ಸಲ ಕ್ಲೈಂಟುಗಳು ಬಂದಾಗ ಅವರಿಗೆ ಬೂಟಿಲ್ಲ. ಪ್ರಾಜೆಕ್ಟ್ ಮ್ಯಾನೇಜರ್ ಮುಖ ಕೆಂಪಾಗಿ ನಿಂತಿದ್ದರೆ, ಆಕೆ ಬಂದವರಿಗೆ ಬಹಳ ವಿನಯದಿಂದ, ಕಾರಿನಲ್ಲೇ ಕೂತು ನೋಡಬಹುದು, ಇಳಿದರೆ ಮೊಳೆ ಚುಚ್ಚುತ್ತದೆ ಎಂದು ವಿವರಿಸಿದರು.

ಆಕೆ ದೇವತೆಯಲ್ಲ. ಬಾಯಿ ಕೆಟ್ಟದ್ದು. ಕೈಯೂ ಅಷ್ಟೇ. ಹೊರಗೋಡೆಯ ಸಾರುವೆಯಲ್ಲಿ ಕೊಂಡಿ ಬಿಚ್ಚಿಟ್ಟು ಬೀಡಿ ಸೇದುತ್ತಿದ್ದವನನ್ನು ಕೆಳಗಿಳಿಸಿ ಎಲ್ಲರೆದುರು ಕೆನ್ನೆಗೆ ಬಾರಿಸಿದ್ದನ್ನು ನಾನೇ ನೋಡಿದ್ದೇನೆ. ಹೆಂಗಸಿನ ಕೈಯಲ್ಲಿ ಏಟು ತಿಂದೆನೆಂದು ಅವನು ಮರುದಿನ ಕೆಲಸಕ್ಕೇ ಬರಲಿಲ್ಲ. ನನಗೆ ಸಿಟ್ಟು ಬಂತು, ಬಡವರ ಮೇಲೆ ಕೈಮಾಡುವುದು ಯಾವ ಸೇಫ್ಟಿ ಎಂದು ಕೇಳಿದೆ. ತಲೆ ತಗ್ಗಿಸಿ ಕೇಳಿಸಿಕೊಂಡರು. ಅವತ್ತು ಸಂಜೆ ಅವನ ಶೆಡ್ಡಿಗೆ ಹೋಗಿ, ಅವನ ಹೆಂಡತಿ ಮಕ್ಕಳ ಮುಂದೆಯೇ ತಪ್ಪಾಯಿತು ಎಂದು ಹೇಳಿ ಬಂದರು. ಮಾರನೆಯ ದಿನ ಅವನು ಬಂದ, ಮತ್ತೆ ಅವನ ಮೇಲೇ ಕೂಗು.

ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಬಿದ್ದು ಹೋದರೇ ಎಂದು ಒಮ್ಮೆ ಕೇಳಿದ್ದೆ. ಇಷ್ಟೊಂದು ಹಟಕ್ಕೆ ಹಿಂದೆ ಏನಾದರೂ ಇರಬೇಕಲ್ಲ ಅನ್ನುವುದು ನನ್ನ ಲೆಕ್ಕ.

"ನಮ್ಮನೇಲಿ ಯಾರೂ ಬಿದ್ದು ಸತ್ತಿಲ್ಲ ಸಿಸ್ಟರೇ," ಅಂದರು. "ಬೇರೆಯೋರ ಮನೆಯೋರು ಸತ್ರೆ ಸಾಲ್ದಾ?"

ಆ ಕಟ್ಟಡಕ್ಕೆ ಹಸಿರು ಕಟ್ಟಡವೆಂಬ ಅತಿ ದೊಡ್ಡ ದರ್ಜೆ ಬರಬೇಕಿತ್ತು. ಗೇಟಿನ ಬಳಿ ಆಳೆತ್ತರದ ಬೋರ್ಡು. ಹಾರುಬೂದಿಯ ಇಟ್ಟಿಗೆ, ಬಿಸಿಲು ತಡೆಯುವ ಗಾಜು, ಬಳಸಿದ ನೀರನ್ನೇ ಶುದ್ಧಮಾಡಿ ಹುಲ್ಲುಹಾಸಿಗೆ ಬಿಡುವ ವ್ಯವಸ್ಥೆ. ಒಳ್ಳೆಯದೇ. ಆದರೆ ಅದೇ ಕಾಂಪೌಂಡಿನ ಹಿಂದೆ, ಕೆಲಸದವರ ತಗಡಿನ ಶೆಡ್ಡುಗಳಿಗೆ ನೀರೆಂದರೆ ಬಂದಾಗ ಬಂದ ಟ್ಯಾಂಕರ್. ಹೆಂಗಸರು ಗೋಣಿತಾಟಿನ ಮರೆಯಲ್ಲಿ ಸ್ನಾನ ಮಾಡಿದ ನೀರು ಶೆಡ್ಡಿನ ಮುಂದೆಯೇ ನಿಲ್ಲುತ್ತಿತ್ತು. ಅಲ್ಲಿನ ಮಕ್ಕಳ ವಾಂತಿ ಭೇದಿಗೆ ನಾನು ಉಪ್ಪು ಸಕ್ಕರೆ ನೀರು ಕಲಸಿ ಕಲಸಿ ಸಾಕಾಗಿದ್ದೆ. ಇನ್ನೂ ಮೊಳೆಯದ ಹುಲ್ಲಿಗೆ ಕೊಳವೆ ಹಾಕಿದವರಿಗೆ ಮನುಷ್ಯರಿಗೊಂದು ನಲ್ಲಿ ಹಾಕಲು ಪುರುಸೊತ್ತಿರಲಿಲ್ಲ.

ದರ್ಜೆ ಕೊಡುವವರು ಪರಿಶೀಲನೆಗೆ ಬಂದ ದಿನ, ಧೂಳು ಏಳದಂತೆ ಏನೇನು ಮಾಡಿದ್ದೇವೆಂದು ತೋರಿಸುವ ಕೆಲಸವನ್ನು ಈಕೆಗೆ ವಹಿಸಿದ್ದರು. ಆಕೆ ಅವರನ್ನು ನೇರವಾಗಿ ಶೆಡ್ಡುಗಳ ಕಡೆಗೆ ನಡೆಸಿಕೊಂಡು ಹೋದರು. ಅವರಲ್ಲೊಬ್ಬರು ಮೂಗಿಗೆ ಕರವಸ್ತ್ರ ಹಿಡಿದು, ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರಂತೆ. ನಲ್ಲಿ ಆಮೇಲೂ ಬರಲಿಲ್ಲ. ಶೆಡ್ಡುಗಳ ಮುಂದೆ ಉದ್ದಕ್ಕೂ ಹಸಿರು ಬಟ್ಟೆಯ ಪರದೆ ಬಂತು, ರಸ್ತೆಗೆ ಕಾಣದಷ್ಟು ಎತ್ತರಕ್ಕೆ. ದರ್ಜೆಯೂ ಬಂತು. ಆ ಫಲಕ ಇವತ್ತಿಗೂ ಆ ಕಟ್ಟಡದ ಲಾಬಿಯಲ್ಲಿ ಹೊಳೆಯುತ್ತಿದೆ.

ಎರಡನೇ ಹಂತದ ಕಟ್ಟಡಕ್ಕೆ ಕಾರು ನಿಲ್ಲಿಸುವ ನೆಲಮಾಳಿಗೆಗಳೆಂದು ಆಳವಾದ ಗುಂಡಿ ತೋಡಲು ಶುರುಮಾಡಿದರು. ಅಂಥ ಕಡೆ ಮಣ್ಣನ್ನು ಇಳಿಜಾರಾಗಿ ಕಡಿಯಬೇಕು. ಅಷ್ಟು ಜಾಗವಿಲ್ಲದಿದ್ದರೆ ಬದಿಗೆ ಗಟ್ಟಿಯಾದ ಆಸರೆ ಕೊಡಬೇಕು. ಇಳಿಜಾರು ಮಾಡಿದರೆ ಜಾಗ ಹೋಗುತ್ತದೆ, ಆಸರೆ ಕಟ್ಟಿದರೆ ಸಮಯ ಹೋಗುತ್ತದೆ ಎಂದು ಎರಡನ್ನೂ ಬಿಟ್ಟು ಗೋಡೆಯಂತೆ ನೆಟ್ಟಗೆ ಕಡಿದರು. ಅದೂ ಲಾರಿಗಳು ಓಡಾಡುವ ರಸ್ತೆಯ ಪಕ್ಕಕ್ಕೆ, ಮಳೆ ಇನ್ನೂ ನಿಲ್ಲದ ದಿನಗಳಲ್ಲಿ. ಕೆಲವೇ ದಿನಕ್ಕೆ ಮೇಲಿನ ನೆಲದಲ್ಲಿ ಅಂಚಿನುದ್ದಕ್ಕೂ ಬಿರುಕು ಕಾಣಿಸಿತು. ಆಕೆ ನನ್ನನ್ನೂ ಕರೆದೊಯ್ದು ತೋರಿಸಿದರು. ನನ್ನ ಹೆಬ್ಬೆರಳು ಅದರೊಳಗೆ ಸಲೀಸಾಗಿ ಇಳಿಯಿತು.

ಯಂತ್ರ ಮುಟ್ಟದ ಮೂಲೆಗಳಲ್ಲಿ ಕೈಯಿಂದ ಅಗೆಯುತ್ತಿದ್ದವರು ಯಾದಗಿರಿ ಕಡೆಯವರು. ಅವರಲ್ಲಿ ಶರಣಪ್ಪ ಮತ್ತು ಅವನ ಹೆಂಡತಿ ಮಲ್ಲಮ್ಮ ನನಗೆ ಚೆನ್ನಾಗಿ ಗೊತ್ತು. ಮಲ್ಲಮ್ಮ ಸಿಮೆಂಟಿನಿಂದ ಕೈ ಒಡೆದು ದಿನ ಬಿಟ್ಟು ದಿನ ಮುಲಾಮಿಗೆ ಬರುತ್ತಿದ್ದಳು. ಶರಣಪ್ಪ ಬಾಗಿಲಲ್ಲಿ ನಿಂತು, ನಮ್ಮಾಕಿ ಕೈ ಮೊದಲು ಭಾಳ ಮೆತ್ತಗಿತ್ತು ನೋಡ್ರಿ ಎಂದು ನನಗೆ ವರದಿ ಒಪ್ಪಿಸುತ್ತಿದ್ದ. ಅವಳು ನಾಚಿಕೊಂಡು ಬೈಯುತ್ತಿದ್ದಳು.

ಬಿರುಕಿನ ವಿಷಯ ಆಕೆ ಮ್ಯಾನೇಜರಿಗೆ ಬಾಯಲ್ಲಿ ಹೇಳಿದರು, ಮೇಲಿನ ಆಫೀಸಿಗೂ ತಿಳಿಸಿದರು. ಅದೆಲ್ಲ ಮೇಲ್ಮಣ್ಣು ಒಣಗಿ ಬಿಟ್ಟ ಬಿರುಕು, ಗುಂಡಿ ಸೇಫ್ ಆಗಿದೆ ಎಂದು ಮ್ಯಾನೇಜರ್ ಎಲ್ಲರೆದುರು ಹೇಳಿದರು. ಸೋಮವಾರದ ಮೀಟಿಂಗು ಎಂದಿನಂತೆ ಏಸಿ ಕೋಣೆಯಲ್ಲಿ ನಡೆಯಬೇಕಿತ್ತು. ಆಕೆ ಬೆಳಿಗ್ಗೆಯೇ ಪ್ಲಾಸ್ಟಿಕ್ ಕುರ್ಚಿಗಳನ್ನು ಹೊರಿಸಿ ಗುಂಡಿಯೊಳಗೆ, ಆ ನೆಟ್ಟನೆಯ ಮಣ್ಣುಗೋಡೆಯ ಬುಡದಲ್ಲಿ ಸಾಲಾಗಿ ಹಾಕಿಸಿದರು. ಒಂದರಲ್ಲಿ ತಾವು ಕೂತು, ಮ್ಯಾನೇಜರನ್ನು ಅಲ್ಲಿಗೇ ಕರೆಸಿದರು. ಅವರು ಮೇಲಿನ ಅಂಚಿನಿಂದ ಬಹಳ ದೂರ ನಿಂತರು.

"ಮೇಡಂ, ಡ್ರಾಮಾ ಎಲ್ಲ ಬೇಡ. ಮೇಲೆ ಬನ್ನಿ, ಶೆಡ್ಯೂಲ್ ಡಿಸ್ಕಸ್ ಮಾಡೋದಿದೆ."

"ಡ್ರಾಮಾ ಅಲ್ಲ ಸಾರ್. ಸೇಫ್ ಅಂತ ನೀವೇ ಏಳಿದ್ರಲ್ಲ. ಇಲ್ಲೇ ಡಿಸ್ಕಸ್ ಮಾಡವ, ಬನ್ನಿ. ನೆಳ್ಳು ಚೆನ್ನಾಗದೆ."

ಎಂಜಿನಿಯರುಗಳು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬನೂ ಇಳಿಯಲಿಲ್ಲ. ಮ್ಯಾನೇಜರ್ ಫೋನ್ ಕಿವಿಗಿಟ್ಟುಕೊಂಡು ಹೊರಟುಹೋದರು. ಗುದ್ದಲಿ ಹಿಡಿದು ನಿಂತಿದ್ದವರ ಕಡೆಗೆ ತಿರುಗಿ ಆಕೆ ಅಂದರು: "ನೋಡಿದ್ರಲ್ಲ. ಅವರು ಕುಂತ್ಕೊಳಕ್ಕೆ ಒಪ್ಪದ ಜಾಗದಾಗೆ ನೀವು ಅಗೀಬೇಡಿ. ಎದ್ದೇಳಿ ಎಲ್ಲ."

ಎಲ್ಲರೂ ಮೇಲೆ ಬಂದರು. ಆ ವಾರ ಅಲ್ಲಿ ಗುದ್ದಲಿ ಬೀಳಲಿಲ್ಲ. ಆಕೆ ಗುಂಡಿಯ ಇಳಿದಾರಿಯ ತುದಿಯಲ್ಲಿ ಕುರ್ಚಿ ಹಾಕಿಕೊಂಡು ಕಾವಲು ಕೂತರು. ಮನೆಗೆ ಹೋಗುವಾಗ ದಾರಿಗೆ ಸರಪಳಿ ಹಾಕಿ ಬೀಗ ಜಡಿಯುತ್ತಿದ್ದರು. ಒಂದು ಬೆಳಿಗ್ಗೆ ಗೇಟಿನಲ್ಲಿ ಆಕೆಯ ಮೊಪೆಡ್ಡನ್ನು ಸೆಕ್ಯುರಿಟಿಯವನು ತಡೆದ. ನಿಮ್ಮನ್ನು ಒಳಗೆ ಬಿಡಬಾರದೆಂದು ಆರ್ಡರ್ ಆಗಿದೆ ಮೇಡಂ ಎಂದು, ಅವನೇ ತಪ್ಪು ಮಾಡಿದವನ ಹಾಗೆ ನೆಲ ನೋಡುತ್ತ ಹೇಳಿದ. ಕಾರಣ ಕೇಳಿದರೆ ಕೆಲಸಕ್ಕೆ ಅಡ್ಡಿ, ಅಶಿಸ್ತು. ನನ್ನ ಕೈಯಲ್ಲಿ ಆಕೆಯ ಹೆಲ್ಮೆಟ್ಟು, ಟಿಫಿನ್ ಡಬ್ಬಿ, ಕೋಣೆಯಲ್ಲಿದ್ದ ಒಂದು ಜೊತೆ ಸಾಕ್ಸು ಕಳಿಸಿದರು. ಅಷ್ಟು ವರ್ಷದ ನೌಕರಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿಯಿತು.

ಆಕೆ ಮನೆಗೆ ಹೋಗಲಿಲ್ಲ. ಗೇಟಿನೆದುರಿನ ಟೀ ಅಂಗಡಿಯ ಬೆಂಚಿನಲ್ಲಿ ಕೂತರು. ಅವತ್ತಷ್ಟೇ ಅಲ್ಲ, ದಿನಾ ಬೆಳಿಗ್ಗೆ ಬಂದು ಅಲ್ಲಿ ಕೂರುತ್ತಿದ್ದರು. ಕೆಲಸದವರು ಒಳಗೆ ಹೋಗುವಾಗ ಒಬ್ಬೊಬ್ಬರನ್ನೇ ನಿಲ್ಲಿಸಿ ಗುಂಡಿಗೆ ಇಳಿಯಬೇಡಿ ಎನ್ನುತ್ತಿದ್ದರು. ಕೆಲವರು ಮಾತು ಕೇಳಿದರು. ಮಲ್ಲಮ್ಮ ಕೇಳಿದಳು. ಆದರೆ ಶರಣಪ್ಪ ತಲೆ ತಗ್ಗಿಸಿಕೊಂಡು ಒಳಗೆ ಹೋದ.

"ಇಳಿಲಿಲ್ಲಂದ್ರ ಶೆಡ್ ಖಾಲಿ ಮಾಡ್ರಿ ಅಂದಾನ್ರಿ ಮೇಸ್ತ್ರಿ," ಅಂದಳು ಮಲ್ಲಮ್ಮ. "ಬಾಜೂ ಶೆಡ್ಡಿನೋರ ಸಾಮಾನ ಹೊರಗ ಒಗದಾರ್ರಿ ಅಕ್ಕಾರ. ಶೆಡ್ಡಿಗೆ ಒಬ್ಬರರೆ ಇಳೀಬೇಕ್ರಿ."

ಆಕೆ ಪಕ್ಕಕ್ಕೆ ಸರಿದು ಮಲ್ಲಮ್ಮನಿಗೆ ಬೆಂಚಿನಲ್ಲಿ ಜಾಗ ಮಾಡಿಕೊಟ್ಟರು.

ಮಣ್ಣು ಕುಸಿದದ್ದು ಅದಾಗಿ ಸ್ವಲ್ಪ ದಿನಕ್ಕೆ, ನಡುಮಧ್ಯಾಹ್ನ, ಒಳ್ಳೆಯ ಬಿಸಿಲಿನಲ್ಲಿ. ಹಿಂದಿನ ಮಳೆಯ ನೀರು ಬಿರುಕಿನೊಳಗೆ ಇಳಿದಿತ್ತು. ಲಾರಿಯಿಂದ ಜಲ್ಲಿ ಸುರಿದಂಥ ಸದ್ದು ಕೇಳಿತು. ಆದರೆ ಆ ಸದ್ದು ನಿಲ್ಲಬೇಕಾದಾಗ ನಿಲ್ಲಲಿಲ್ಲ. ನಾನು ಪೆಟ್ಟಿಗೆ ಹಿಡಿದು ಓಡಿದೆ. ಗುಂಡಿಯ ಒಂದು ಬದಿಯೇ ಇರಲಿಲ್ಲ. ಕುರ್ಚಿಗಳನ್ನು ಹಾಕಿಸಿದ್ದ ಜಾಗದಲ್ಲಿ ಕೆಂಪು ಮಣ್ಣಿನ ಗುಡ್ಡ ನಿಂತಿತ್ತು. ಅದರಡಿಯಲ್ಲಿ ಇಬ್ಬರಿದ್ದಾರೆ, ಒಬ್ಬ ಶರಣಪ್ಪ ಎಂದು ಯಾರೋ ಅಂದರು. ಮ್ಯಾನೇಜರ್ ಮಣ್ಣು ತೆಗೆಯುವ ಯಂತ್ರವನ್ನು ಕರೆಯುತ್ತಿದ್ದರು. ಅದು ಬಕೆಟ್ ಎತ್ತಿಕೊಂಡು ಇಳಿದಾರಿಯಲ್ಲಿ ಬರುತ್ತಿತ್ತು.

ಆಗ ಆಕೆ ಬಂದರು. ಗೇಟಿನಲ್ಲಿ ಸೆಕ್ಯುರಿಟಿಯವನು ತಡೆಯಲಿಲ್ಲವೋ, ಇವರು ನೂಕಿಕೊಂಡೇ ಬಂದರೋ ನಾನು ನೋಡಿಲ್ಲ. ತಲೆಯ ಮೇಲೆ ಹೆಲ್ಮೆಟ್ಟಿರಲಿಲ್ಲ, ಕಾಲಲ್ಲಿ ಚಪ್ಪಲಿ. ನೇರ ಹೋಗಿ ಯಂತ್ರದ ಬಕೆಟ್ಟಿನ ಮುಂದೆ ನಿಂತರು.

"ಆಫ್ ಮಾಡು. ಕೆಳಗೆ ಮನುಷ್ಯರವ್ರೆ. ಬಕೆಟ್ ಆಕಿದ್ರೆ ಜೀವ ಇರೋನೂ ಓಯ್ತಾನೆ."

ಡ್ರೈವರ್ ಮ್ಯಾನೇಜರನ್ನು ನೋಡಿದ, ಆಕೆಯನ್ನು ನೋಡಿದ, ಎಂಜಿನ್ ನಿಲ್ಲಿಸಿ ಕೆಳಗೆ ಹಾರಿದ. ಆಮೇಲೆ ಬರೀ ಕೈ, ಮಣ್ಣು ಹೊರುವ ಬಾಣಲಿ, ಚಿಕ್ಕ ಗುದ್ದಲಿ. ಇನ್ನೊಂದು ಬದಿ ಕುಸಿಯದಂತೆ ಹಲಗೆ ಒತ್ತುಕೊಡಿಸಿದರು, ಮೇಲೆ ಒಬ್ಬನನ್ನು ನಿಲ್ಲಿಸಿ ಬಿರುಕು ಕಾಯಲು ಹೇಳಿದರು, ತಾವು ಮಂಡಿಯೂರಿ ನಾಯಿ ಕೆದರುವ ಹಾಗೆ ಕೆದರಿದರು. ಮೊದಲು ಸಿಕ್ಕವನ ಮುಖ ಬಿಡಿಸಿದಾಗ ಅವನು ಕೆಮ್ಮಿದ. ಆ ಕೆಮ್ಮಿನಷ್ಟು ಒಳ್ಳೆಯ ಸದ್ದನ್ನು ನಾನು ಕೇಳಿಲ್ಲ. ಎದೆಯ ಎಲುಬು ಮುರಿದಿತ್ತು. ಅವನು ಬದುಕಿದ. ಈಗಲೂ ಸಿಂಗಸಂದ್ರದಲ್ಲಿ ವಾಚ್‌ಮನ್ ಆಗಿದ್ದಾನೆ.

ಶರಣಪ್ಪ ಇನ್ನೂ ಒಳಗೆ, ಗೋಡೆಯ ಕಡೆಗಿದ್ದ. ಅವನನ್ನು ತೆಗೆಯುವ ಹೊತ್ತಿಗೆ ಮಲ್ಲಮ್ಮ ಬಂದು ನಿಂತಿದ್ದಳು. ನಾಡಿ ನೋಡುವುದು ನನ್ನ ಕೆಲಸ. ಕೈಯಲ್ಲಿ ನೋಡಿದೆ, ಕೊರಳಲ್ಲಿ ನೋಡಿದೆ. ಇರಲಿಲ್ಲ. ಎದೆ ಒತ್ತಿದೆ, ಬಾಯಿಯ ಮಣ್ಣು ತೆಗೆದು ಉಸಿರೂದಿದೆ, ಬಹಳ ಹೊತ್ತು. ಮೈ ತಣ್ಣಗಾಗಿತ್ತು. ಮಲ್ಲಮ್ಮ ಅಳಲಿಲ್ಲ. ಸೆರಗಿನ ತುದಿಯನ್ನು ಉಗುಳಿನಿಂದ ನೆನೆಸಿ ಅವನ ಕಿವಿಯೊಳಗಿನ ಮಣ್ಣನ್ನು ತೆಗೆಯುತ್ತ ಕೂತಳು.

ಮ್ಯಾನೇಜರ್ ನನ್ನ ಪಕ್ಕಕ್ಕೆ ಬಂದು ಬಗ್ಗಿದರು. ಬಹಳ ಮೆಲ್ಲಗೆ, ಮರ್ಯಾದೆಯಿಂದ ಕೇಳಿದರು: "ಸಿಸ್ಟರ್, ಪಲ್ಸ್ ಇದೆ ಅಲ್ವಾ? ಇಲ್ಲಿಂದ ಹೊರಡೋವಾಗ ಇತ್ತು ಅಂತ ಬರೀರಿ."

ಸೈಟಿನಲ್ಲಿ ಸತ್ತವನಲ್ಲ, ಆಸ್ಪತ್ರೆಯ ದಾರಿಯಲ್ಲಿ ಸತ್ತವನು ಎಂದಾಗಬೇಕಿತ್ತು ಅವರಿಗೆ. ಅವನ ಹೆಂಡತಿ ಒಂದು ಮೊಳ ದೂರದಲ್ಲಿ ಕೂತಿದ್ದಳು.

"ಇಲ್ಲ ಸಾರ್," ಅಂದೆ. "ಇರಲಿಲ್ಲ."

ಆ ತಿಂಗಳೇ ಆ ಕೆಲಸ ಬಿಟ್ಟು ಪೀಣ್ಯದ ಒಂದು ಸಣ್ಣ ಕ್ಲಿನಿಕ್ಕಿಗೆ ಸೇರಿಕೊಂಡೆ. ಪೊಲೀಸರ ಮುಂದೆ ನಾನೂ ಹೇಳಿಕೆ ಕೊಟ್ಟೆ, ಆಕೆಯೂ ಕೊಟ್ಟರು. ಬಿರುಕು, ಕುರ್ಚಿ, ಮೀಟಿಂಗು, ಗೇಟು ಎಲ್ಲವನ್ನೂ ಹೇಳಿದೆವು. ಕಂಪನಿಯವರು ಹೇಳಿದ್ದು ಬೇರೆ: ಅಲ್ಲಿ ಕೆಲಸವೇ ನಡೆಯುತ್ತಿರಲಿಲ್ಲ, ಆ ಇಬ್ಬರು ಮೂತ್ರಕ್ಕೆಂದು ಹೇಳದೆ ಕೇಳದೆ ಇಳಿದಿದ್ದರು. ಸತ್ತವನ ಮೇಲೆ ಇದನ್ನೂ ಹೊರಿಸಿದರು. ಅವನು ಗುದ್ದಲಿಯ ಕಾವನ್ನು ಹಿಡಿದುಕೊಂಡೇ ಸತ್ತಿದ್ದ, ಬೆರಳು ಬಿಡಿಸಿದವಳು ನಾನು. ಕೊನೆಗೆ ನಿರ್ಲಕ್ಷ್ಯದ ಕೇಸು ಬಿದ್ದದ್ದು ಮೇಸ್ತ್ರಿಯೊಬ್ಬನ ಮೇಲೆ. ಶೆಡ್ ಖಾಲಿ ಮಾಡಿಸುತ್ತೇನೆಂದವನು ಅವನೇ, ನಿಜ. ಹಾಗೆ ಹೇಳು ಎಂದು ಅವನಿಗೆ ಹೇಳಿದವರು ಯಾರೆಂದು ಯಾರೂ ಕೇಳಲಿಲ್ಲ. ವರ್ಷಗಟ್ಟಲೆ ವಾಯಿದೆ ಬಿದ್ದವು. ಜೊತೆಗಿದ್ದ ಕೆಲಸದವರು ಒಬ್ಬ ಹೈದರಾಬಾದು, ಒಬ್ಬ ಗೋವಾ ಎಂದು ಚೆದುರಿಹೋಗಿದ್ದರು. ಸಾಕ್ಷಿ ಸಾಲದೆಂದು ಮೇಸ್ತ್ರಿಯನ್ನೂ ಬಿಟ್ಟರು. ಅಷ್ಟರೊಳಗೆ ಎರಡನೇ ಕಟ್ಟಡ ಎದ್ದು, ಒಳಗೆ ಜನ ಕಂಪ್ಯೂಟರ್ ಮುಂದೆ ಕೂತಿದ್ದರು.

ಬೆಲ್ಟ್ ಅಕ್ಕನಿಗೆ ಆ ಭಾಗದ ಯಾವ ಬಿಲ್ಡರೂ ಕೆಲಸ ಕೊಡಲಿಲ್ಲ. ಸಂದರ್ಶನಕ್ಕೆ ಕರೆಯುತ್ತಿದ್ದರು, ಹೆಸರು ಕೇಳಿದ ಮೇಲೆ ಫೋನ್ ಮಾಡುತ್ತೇವೆ ಎನ್ನುತ್ತಿದ್ದರು. ಬಹಳ ದಿನದ ಮೇಲೆ ತುಮಕೂರು ರಸ್ತೆಯ ಮಾದನಾಯಕನಹಳ್ಳಿಯ ಗೋಡೌನೊಂದರಲ್ಲಿ ಸಿಕ್ಕಿತು. ಅಲ್ಲಿಯೂ ಸೇರಿದ ಹೊಸತರಲ್ಲೇ ಬ್ರೇಕು ಹಿಡಿಯದ ಫೋರ್ಕ್‌ಲಿಫ್ಟಿನ ಕೀಲಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡು ಮನೆಗೆ ಹೋಗಿಬಿಟ್ಟರಂತೆ. ನನ್ನ ಕ್ಲಿನಿಕ್ಕಿಗೆ ಬಂದು ಅದನ್ನು ಹೇಳುತ್ತ ನಕ್ಕರು. ಮಲ್ಲಮ್ಮನನ್ನು ಅದೇ ಗೋಡೌನಿನ ಕ್ಯಾಂಟೀನಿಗೆ ಸೇರಿಸಿದ್ದರು.

ಮೇಸ್ತ್ರಿ ಬಿಡುಗಡೆಯಾದ ವರ್ಷವೇ ಇನ್ನೊಂದು ಕೇಸು ವಿಚಾರಣೆಗೆ ಬಂತು. ಕಂಪನಿ ಆಕೆಯ ಮೇಲೆ ಹಾಕಿದ್ದ ಕೇಸು. ಕೆಲಸದಿಂದ ತೆಗೆದ ಮೇಲೂ ಅನುಮತಿಯಿಲ್ಲದೆ ಕಾಂಪೌಂಡಿನೊಳಗೆ ನುಗ್ಗಿದರು ಎಂದು, ಮಣ್ಣು ಕುಸಿದ ಆ ಮಧ್ಯಾಹ್ನದ ಬಗ್ಗೆ. ನಾನೂ ಮಲ್ಲಮ್ಮನೂ ಜೊತೆಗೆ ಹೋದೆವು. ಸಣ್ಣ ಕೇಸು, ದಂಡ ಕಟ್ಟಿದರೆ ಮುಗಿಯುತ್ತದೆ, ಗೊಂದಲದಲ್ಲಿ ಗೊತ್ತಾಗದೆ ಹೋದೆ ಎಂದು ಹೇಳಿಬಿಡಿ, ಜಡ್ಜರಿಗೆ ಕನಿಕರ ಬರುತ್ತದೆ ಎಂದು ವಕೀಲರು ದಾರಿಯುದ್ದಕ್ಕೂ ಹೇಳಿಕೊಟ್ಟರು. ಆಕೆ ತಲೆಯಾಡಿಸಿದರು.

ಕಟಕಟೆಯಲ್ಲಿ ನಿಂತಾಗ ಆಕೆ ಅಂಗಿ ಜಾಕೆಟ್ಟು ಬಿಟ್ಟು ಸೀರೆ ಉಟ್ಟಿದ್ದರು. ಕೂದಲು ಅರ್ಧ ನೆರೆದಿತ್ತು. ಮ್ಯಾಜಿಸ್ಟ್ರೇಟರು ಕಾಗದ ನೋಡುತ್ತಲೇ ಕೇಳಿದರು, ಒಳಗೆ ಹೋಗಲು ನಿಮಗೆ ಅನುಮತಿ ಇತ್ತೇ ಎಂದು.

"ಇರ್ಲಿಲ್ಲ ಸ್ವಾಮಿ."

ಇಲ್ಲ ಎಂದು ಗೊತ್ತಿದ್ದೂ ಹೋದಿರಾ?

"ಗೊತ್ತಿದ್ದೇ ಓದೆ."

ಯಾಕೆ?

"ಒಳಗೆ ಜನ ಇದ್ರು."

ಮ್ಯಾಜಿಸ್ಟ್ರೇಟರು ತಲೆಯೆತ್ತಿ ಆಕೆಯನ್ನು ನೋಡಿದರು. ಪಕ್ಕದಲ್ಲಿ ಕೂತಿದ್ದ ಗುಮಾಸ್ತರು ಕತ್ತು ಬಗ್ಗಿಸಿ, ಆರೋಪಿ ತಪ್ಪೊಪ್ಪಿಕೊಂಡಿದ್ದಾರೆ ಎಂದು ಬರೆದುಕೊಂಡರು. ಶರಣಪ್ಪ ಮಣ್ಣಿನಡಿ ಸತ್ತ ಆ ದಿನಕ್ಕೆ ಸಂಬಂಧಿಸಿದಂತೆ ಕೋರ್ಟು ತಪ್ಪಿತಸ್ಥರೆಂದು ತೀರ್ಮಾನಿಸಿದ್ದು ಆಕೆಯೊಬ್ಬರನ್ನೇ.